ತಿರುಗು ಅಕ್ಷರದ ಬಿಲ್ಲೆ

ಹೊಳೆದಂಡೆಯ ಮಠದ ಅಚ್ಚುಕೂಟಕ್ಕೆ ನೂರು ವರ್ಷ ತುಂಬಿತ್ತು. ಅಲ್ಲಿ ಅಚ್ಚಿನ ಮೊಳೆ ಜೋಡಿಸಿ ಜೋಡಿಸಿಯೇ ಮುದುಕರಾದ ಆರು ಜನಕ್ಕೆ ನೆನಪಿನ ಹಿತ್ತಾಳೆ ಬಿಲ್ಲೆ ಕೊಡಿ ಎಂದರು ಗುರುಗಳು.

ಬಿಲ್ಲೆಯ ಮಾದರಿ ಕೆತ್ತಿದವನು ಶಿಷ್ಯ ಮಾದಲಿಂಗ. ಅವನೂ ಮೊಳೆಯವನೇ. ಮೊಳೆಯಲ್ಲಿ ಅಕ್ಷರ ಕನ್ನಡಿಯೊಳಗಿನ ಹಾಗೆ ತಿರುಗಿದ್ದರೆ ತಾನೇ ಕಾಗದದ ಮೇಲೆ ನೆಟ್ಟಗೆ ಬೀಳೋದು? ಮಹಾರಾಯ ಬಿಲ್ಲೆಯನ್ನೂ ಹಾಗೇ ಕೆತ್ತಿದ. ಎರಡು ಸಲ ಓದಿ, ಸರಿಯಾಗಿದೆ ಅಂತ ಎರಕದವನಿಗೆ ಕಳಿಸಿಯೂ ಬಿಟ್ಟ!

ಸಮಾರಂಭದ ಬೆಳಿಗ್ಗೆ ಬಿಲ್ಲೆಗಳು ಬಂದವು. "ಇದ್ಯಾವ ದೇಶದ ಭಾಷೆ?" ಅಂದಳು ಅಡುಗೆಯ ಸಾತಮ್ಮ.

ಅಷ್ಟು ಸಾಕಿತ್ತು. ಮಡಕೆ ಬಾಯಿ ಮುಚ್ಚಬಹುದು, ಜನರ ಬಾಯಿ? ಸಾರು ಕುದಿಯುವಷ್ಟರಲ್ಲಿ ಮಾದಲಿಂಗ ಕುಡಿದು ಕೆತ್ತಿದನಂತೆ, ಕುಡಿಸಿದವಳು ಯಾರು ಗೊತ್ತಾ, ಎನ್ನುವಲ್ಲಿಗೆ ಬಂತು. ಪಾಪ, ಹುಳಿ ಮಜ್ಜಿಗೆಯನ್ನೂ ಮುಟ್ಟದವನು.

ಪಾರುಪತ್ಯಗಾರ ಷಡಕ್ಷರಿಗೆ ಇದೇ ಬೇಕಿತ್ತು. "ಸಂಜೆಯೊಳಗೆ ಇವನನ್ನ ಅಚ್ಚುಕೂಟದಿಂದ ಆಚೆ ಹಾಕ್ತೀನಿ."

ಮಾದಲಿಂಗ ಓಡಿಹೋಗಿ ಗುರುಗಳ ಕಾಲಿಗೆ ಬಿದ್ದ.

"ಬುದ್ಧಿ, ಆ ಕೆಲಸ ಬಿಟ್ರೆ ನನಗೆ ಬೇರೆ ಬದುಕಿಲ್ಲ."

"ಕುಡಿದಿದ್ದೆಯೇನಯ್ಯ?"

"ಅಯ್ಯಯ್ಯೋ, ಇಲ್ಲ ಬುದ್ಧಿ! ತಪ್ಪು ಅಂತ ಗೊತ್ತು. ಆದ್ರೆ ನನ್ನ ಕಣ್ಣಿಗೆ ಈಗಲೂ ಸರಿಯಾಗೇ ಕಾಣ್ತದೆ."

ಗುರುಗಳು ಬಾಯಿ ತುಂಬ ನಕ್ಕರು.

"ಹಾಗಾದ್ರೆ ಹಂಚು."

"ಇದನ್ನೇ?"

"ಇನ್ನೆಲ್ಲಿಂದ ತರ್ತೀಯ?"

ಊರಿಗೆ ಊರೇ ತಮಾಷೆ ನೋಡಲು ಬಂದು ಕೂತಿತ್ತು. ಮಾದಲಿಂಗ ಮೊದಲ ಬಿಲ್ಲೆಯನ್ನು ಎಂಬತ್ತೆಂಟರ ಗುರುಶಾಂತಜ್ಜನ ಕೈಗಿಟ್ಟ.

ಅಜ್ಜ ಅದರ ಮೇಲೆ ಹೆಬ್ಬೆರಳಾಡಿಸಿದ. ಒಂದೇ ಉಸಿರಿಗೆ ಗಟ್ಟಿಯಾಗಿ ಓದಿದ: "ಕಲ್ಲಚ್ಚಿನಿಂದ ಮೊಳೆಯಚ್ಚಿಗೆ, ನೂರು ವರ್ಷ."

ಆಮೇಲೆ ಪಕ್ಕದವನಿಗೆ ತಿವಿದ. "ಆ 'ಳೆ' ನೋಡೋ, ಎಷ್ಟು ದುಂಡಗೆ ಕೂತಿದೆ!"

ಎರಡನೆಯವನೂ ಓದಿದ. ಆರನೆಯವನೂ ಓದಿದ. ಅಕ್ಷರ ತಿರುಗಿದೆ ಅಂತ ಒಬ್ಬನಾದರೂ ಅನ್ನಬೇಕಲ್ಲ, ಊಹೂಂ. ಕತ್ತು ಅತ್ತ ಇತ್ತ ವಾಲಿಸಿ ನೋವು ಮಾಡಿಕೊಂಡವರು ಊರವರೇ.

ಬೆಳಿಗ್ಗೆಯಿಂದ ಹಿಡಿದಿದ್ದ ಉಸಿರನ್ನು ಮಾದಲಿಂಗ ಆಗ ಬಿಟ್ಟ. ಕಂಬಕ್ಕೆ ಒರಗಿ ಮಗುವಿನ ಹಾಗೆ ನಕ್ಕ.

ಷಡಕ್ಷರಿ ಮಾತ್ರ ಬಿಡಲಿಲ್ಲ. "ಮುದುಕರೇನೋ ಓದಿದ್ರು ಬುದ್ಧಿ. ಉಳಿದವರಿಗೆ ಒಂದಕ್ಷರ ತಿಳೀಲಿಲ್ಲ. ನಾನಂತೂ ತಲೆಕೆಳಗು ಮಾಡಿಯೂ ನೋಡಿದೆ. ಇವನನ್ನೇನು ಮಾಡ್ಲಿ?"

ಗುರುಗಳು ಎದ್ದರು.

"ಅವನನ್ನ ಮೊಳೆ ಹತ್ತಿರ ಕಳಿಸು, ಕೆಲಸ ಇದೆ. ನೀನು ಹೋಗಿ ಗುರುಶಾಂತಜ್ಜನ ಪಕ್ಕ ಕೂತ್ಕೊ. ಓದಿ ಹೇಳ್ತಾನೆ."