ನಿಂತ ಕಾರಿನ ಬಾಡಿಗೆ

ರಜೇಲಿ ಮಕ್ಕಳನ್ನ ಊಟಿವರೆಗೂ ಸುತ್ತಾಡಿಸ್ಬೇಕು ಅಂತ ಟೈಲರ್ ಚೆನ್ನಾಜಮ್ಮ ಟ್ರಾವೆಲ್ಸ್ ಶಾಂತರಾಜು ಹತ್ರ ಕಾರು ಕೇಳಿದ್ರು.

"ಮೈಸೂರಲ್ಲಿ ಅಕ್ಕನ ಮನೇಲಿ ಉಳಿಯೋ ದಿನ ಕಾರು ನಿಂತೇ ಇರುತ್ತೆ. ಆ ಬಾಡಿಗೆ ಬಿಡಿ ಸ್ವಾಮಿ, ಇಲ್ದಿದ್ರೆ ಊಟಿಗೆ ದುಡ್ಡು ಸಾಲಲ್ಲ."

ಶಾಂತರಾಜು ಮೀಸೆ ತಿರುವಿದ. "ನಿಂತ್ರೂ ದಿನಕ್ಕೆ ಮುನ್ನೂರು ಕಿಲೋಮೀಟರ್ ಬಾಡಿಗೆ ಕೊಡ್ಲೇಬೇಕು ಕಣಮ್ಮ. ವಾಪಸ್ ಬರೋವರೆಗೂ ಕಾರು ನಿಮ್ದೇ ಅನ್ಕೊಳ್ಳಿ!"

ಅನ್ಕೊಂಡ್ರು.

ಮೈಸೂರಲ್ಲಿದ್ದಾಗ ಅವನದೇ ಫೋನು ಬಂತು. "ಅಮ್ಮಾ, ನಾಳೆ ಅಲ್ಲೇ ಒಂದು ಮದುವೆ, ಗಂಡಿನ ಕಡೆಯೋರಿಗೆ ಕಾರಿಲ್ಲ. ನಿಮ್ದು ಹೇಗೂ ನಿಂತಿದೆಯಲ್ಲ, ಕಳಿಸಿಕೊಡಿ."

"ಕಳಿಸ್ತೀನಿ. ಮುನ್ನೂರು ಕಿಲೋಮೀಟರ್ ಬಾಡಿಗೆ ಕೊಡಿ."

"ನನ್ನ ಕಾರಿಗೆ ನಾನೇ ಬಾಡಿಗೆ ಕೊಡೋದಾ?"

"ವಾಪಸ್ ಬರೋವರೆಗೂ ಕಾರು ನಿಮ್ದೇ ಅನ್ಕೊಳ್ಳಿ ಅಂದೋರು ನೀವೇ ಅಲ್ವಾ?"

ಶಾಂತರಾಜು ಸೋತ. "ನಿಂತ ದಿನದ ಬಾಡಿಗೆ ಪೂರ್ತಿ ಬಿಟ್ಟೆ ತಾಯಿ, ಕಾರು ಕಳಿಸಿ!"

ಚೆನ್ನಾಜಮ್ಮ ಫೋನಿಟ್ಟು ಕೂಗಿದ್ರು. "ಮಕ್ಕಳೇ, ಸ್ವೆಟರ್ ಹುಡುಕ್ರೋ!"