ಸೌತಕ್ಕ ಮರಳು ತೊಳೆದದ್ದು

ಲೋಕ ಇನ್ನೂ ಹೊಸದಾಗಿದ್ದಾಗ, ಕಡಲಿಗೆ ಉಪ್ಪು ಬೆರೆಸಿ ನಾಲ್ಕು ದಿನವೂ ಆಗಿರದಿದ್ದಾಗ, ಸೌತೆಕಾಯಿಯಂಥ ಮೈಯ ಜೀವಿ ಕಡಲಸೌತೆ ನೀರಡಿಯ ಮರಳಿನ ಮೇಲೆಯೇ ಬದುಕುತ್ತಿದ್ದಳು. ಎಲ್ಲರೂ ಅವಳನ್ನು ಸೌತಕ್ಕ ಎನ್ನುತ್ತಿದ್ದರು. ಕಣ್ಣಿಲ್ಲ, ಕೈಯಿಲ್ಲ, ಮೈಯೆಲ್ಲ ಮೆತ್ತಗೆ. ಆದರೆ ಬಾಯಿಯ ಸುತ್ತ ಹೂವಿನ ಎಸಳಿನಂಥ ಕುಚ್ಚು. ಆ ಮುಖದ ಮೇಲೆ ಅವಳಿಗೆ ಬಲು ಜಂಬ. ದಾರಿಹೋಕ ಮೀನುಗಳು "ಎಷ್ಟು ಚಂದ ಮಾರಾಯ್ತಿ!" ಎನ್ನದಿದ್ದರೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಆಗ ಸತ್ತದ್ದು, ಕೊಳೆತದ್ದು ಎಲ್ಲ ಮರಳಿಗೇ ಇಳಿಯುತ್ತಿತ್ತು. ತೊಳೆಯುವವರು ಯಾರೂ ಇರಲಿಲ್ಲ. ಮರಳು ಕಪ್ಪಾಯಿತು, ನಾತ ಹಿಡಿಯಿತು.

ಒಂದು ದಿನ ನೆರೆಮನೆಯ ಚಿಪ್ಪಮ್ಮ ಅಳುತ್ತಾ ಬಂದಳು.

"ಸೌತಕ್ಕಾ, ನನ್ನ ಮಕ್ಕಳು ಮರಳಿನಡಿ ಉಸಿರು ಕಟ್ಟಿ ಬಿದ್ದಿದ್ದಾವೆ. ಏಡಿಯನ್ನು ಕೇಳಿದೆ, ಕೈ ಕೊಳೆ ಆಗ್ತದಂತೆ. ಮೀನುಗಳಿಗೆ ಪುರುಸೊತ್ತಿಲ್ಲವಂತೆ."

ಸೌತಕ್ಕ ಚಿಪ್ಪಮ್ಮನ ಹತ್ತಿರಕ್ಕೆ ಸರಿದಳು.

"ಅಳಬೇಡ ಮಾರಾಯ್ತಿ. ಕೈಯಿಲ್ಲದಿದ್ದರೆ ಎಂತ, ಬಾಯಿ ಉಂಟಲ್ಲ!" ಎಂದವಳೇ ತಲೆ ಕೆಳಗಾಗಿ ಮರಳಿಗೆ ಹೊಕ್ಕಳು.

ಮರಳು ನುಂಗಿದಳು, ಕೊಳೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಳು, ಶುದ್ಧ ಮರಳನ್ನು ಹಿಂದೆ ಬಿಟ್ಟಳು. ನುಂಗಿದಳು, ಬಿಟ್ಟಳು. ನುಂಗಿದಳು, ಬಿಟ್ಟಳು. ಅಯ್ಯೋ ಪೆದ್ದಿ! ಬಿಟ್ಟ ಮರಳು ಬಿಲದ ಬಾಯನ್ನೇ ಮುಚ್ಚಿತು. ಈಗ ಅವಳಿಗೂ ಉಸಿರಿಲ್ಲ.

"ಮೇಲೆ ಬಾ, ಸಾಯ್ತೀ!" ಎಂದು ಅಲೆ ಕೂಗಿತು.

ಬಂದರೆ ಮಕ್ಕಳ ಗತಿ? ಇನ್ನೆರಡು ತುತ್ತಿನಾಚೆ ಅವು ಮೆಲ್ಲಗೆ ಮಿಸುಕುತ್ತಿದ್ದವು. ಸೌತಕ್ಕ ಮೈಯನ್ನು ಎಳೆದಳು, ಇನ್ನೂ ಎಳೆದಳು. ಬಾಲದ ತುದಿ ಮರಳಿನಿಂದ ಹೊರಗೆ ಇಣುಕಿತು.

"ಅಲೆಯಣ್ಣಾ, ಆ ತುದಿಗೇ ನೀರು ಕೊಡು. ಅಲ್ಲಿಂದಲೇ ಉಸಿರಾಡ್ತೇನೆ, ಮರಳನ್ನೂ ಅಲ್ಲಿಂದಲೇ ಹೊರಗೆ ಹಾಕ್ತೇನೆ!"

ಅಲೆ ಆ ತುದಿಗೆ ನೀರು ತಂದಿತು. ಮೀನುಗಳು ಬಿದ್ದು ಬಿದ್ದು ನಕ್ಕವು. "ಮುಖ ತೋರಿಸುತ್ತಿದ್ದವಳು ಈಗ ಎಂತ ತೋರಿಸ್ತಾಳೆ ನೋಡಿ!"

ಸೌತಕ್ಕನಿಗೆ ನೋವಾಯಿತು. ಆಗದೆ ಇರುತ್ತದೆಯೇ? ಆದರೂ ನುಂಗಿದಳು, ಬಿಟ್ಟಳು. ಕೊನೆಗೆ ಒಂದು ಪುಟ್ಟ ಚಿಪ್ಪು ತೆರೆಯಿತು. ಇನ್ನೊಂದು ತೆರೆಯಿತು. ಕತ್ತಲಲ್ಲಿ ಯಾರೋ ಅವಳ ಕೆನ್ನೆ ಸವರಿದರು.

"ದೊಡ್ಡಮ್ಮಾ, ನೀವು ಹೋದರೆ ಮತ್ತೆ ಉಸಿರು ಕಟ್ತದಾ?"

ಚಂದದ ಮಾತು ಕೇಳಲು ಮೇಲೆ ಹೋಗಬೇಕೆಂದಿದ್ದ ಸೌತಕ್ಕ ಇನ್ನೊಂದು ತುತ್ತು ಮರಳು ನುಂಗಿದಳು.

"ಇಲ್ಲ ಮಕ್ಕಳೇ. ನಾನೆಲ್ಲಿಗೆ ಹೋಗಲಿ?" ಎಂದಳು.

ಅದಕ್ಕೇ ಪುಟ್ಟಾ, ನೀರಿಳಿದಾಗ ಒದ್ದೆ ಮರಳಿನಲ್ಲಿ ಸಣ್ಣದೊಂದು ಗುಡ್ಡೆ, ಅದರಲ್ಲೊಂದು ತೂತು ಕಂಡರೆ ತುಳಿಯದೆ ಸುತ್ತಿ ಹೋಗು, ಸೌತಕ್ಕ ಅಲ್ಲಿಂದಲೇ ಇವತ್ತಿಗೂ ಉಸಿರಾಡುತ್ತಿದ್ದಾಳೆ.