ಎಳೆದು ಅಳೆದ ಬೀಡಿಂಗ್

"ಬುದ್ಧಿ, ಒಂದು ಸಲ ಒಪ್ಪಿಕೊಂಡು ಆಮೇಲೆ ಹಿಂದಕ್ಕೆ ಸರಿಯೋರನ್ನ ಏನಂತ ಕರೀಬೇಕು?"

ಕೇಳಿದವರು ಗುರುಮಲ್ಲಪ್ಪ ಮೇಷ್ಟ್ರು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಮಠಕ್ಕೆ ಹಳೆಯ ಶಿಷ್ಯರು. ಆ ಸೀಮೆಯಲ್ಲಿ ಮಠದ ಸ್ವಾಮಿಗಳನ್ನು ಬುದ್ಧಿ ಎಂದೇ ಕರೆಯುವುದು.

"ಯಾರು ಒಪ್ಪಿದ್ದು, ಯಾರು ಸರಿದದ್ದು?" ಎಂದರು ಬುದ್ಧಿಯವರು.

"ನನ್ನ ಮಗಳು ದಾಕ್ಷಾಯಿಣಿ. ಹೋದ ಭಾನುವಾರ ಗಂಡು ಒಪ್ಪಿಗೆ ಅಂದ್ಲು. ಈ ಭಾನುವಾರ ಬೇಡ ಅಂತಾಳೆ. ನಾಳೆ ಗಂಡಿನ ಕಡೆಯೋರು ನಿಶ್ಚಿತಾರ್ಥಕ್ಕೆ ದಿನ ಕೇಳೋಕೆ ಬರ್ತಾರೆ. ತಾವು ಅವಳನ್ನ ಕರೆಸಿ ಒಂದು ಮಾತು ಹೇಳ್ಬೇಕು. ತಮ್ಮ ಮಾತು ಅಂದ್ರೆ ಅವಳು ಮೀರಲ್ಲ."

ಮೇಷ್ಟ್ರಿಗೆ ಮಗಳೆಂದರೆ ಪ್ರಾಣ. ಹುಡುಗನೂ ಒಳ್ಳೆಯವನೇ. ಆದರೆ ನಾಳೆ ಬಂದವರ ಮುಂದೆ ತಲೆ ಎತ್ತುವುದು ಹೇಗೆಂಬ ಸಂಕಟ ಅವರನ್ನು ಬೆಳಗಿನಿಂದ ಕೊರೆಯುತ್ತಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಮಗಳಿಗೆ ತನ್ನ ಮಾತಿನ ತೂಕ ಗೊತ್ತಿರಬೇಡವೇ ಎಂದು ಸಿಟ್ಟೂ ಬಂದಿತ್ತು.

ಬುದ್ಧಿಯವರು ಮಠಕ್ಕೆ ಬರುವ ಮೊದಲು ಮೈಸೂರಿನ ಗ್ಯಾರೇಜೊಂದರಲ್ಲಿ ಹನ್ನೆರಡು ವರ್ಷ ಸ್ಪ್ಯಾನರ್ ಹಿಡಿದವರು. ಪುರಾಣದ ಕತೆ ಕೇಳಲು ಕುಳಿತವರಿಗೆ ಕಾರಿನ ಕತೆ ಹೇಳಿ ಕಳಿಸುವುದು ಅವರಿಗೆ ಹೊಸದಲ್ಲ. ಅವರು ಕಾಲು ಮಡಚಿ ಕುಳಿತ ರೀತಿಯಲ್ಲೇ ಕತೆಯೊಂದು ಬರಲಿದೆಯೆಂದು ಮೇಷ್ಟ್ರಿಗೆ ತಿಳಿಯಿತು. ನಿಟ್ಟುಸಿರು ಬಿಟ್ಟು ಎದುರಿಗೆ ಕುಳಿತರು.

ಬುದ್ಧಿಯವರು ಹೇಳಿದ ಕತೆ ಹೀಗಿತ್ತು.

ಒಬ್ಬ ಜವಳಿ ವ್ಯಾಪಾರಿಯಿದ್ದ. ನಡುವಯಸ್ಸಿನಲ್ಲಿ ಅವನಿಗೆ ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರೊಂದರ ಹುಚ್ಚು ಹಿಡಿಯಿತು. ಕಾರಿಗೂ ಅವನಷ್ಟೇ ವಯಸ್ಸು. ಮನೆಗೆ ತಂದಾಗ ಅದರಲ್ಲಿ ಕಾರಿಗಿಂತ ತುಕ್ಕೇ ಹೆಚ್ಚಾಗಿತ್ತು. ಒಬ್ಬ ಮೇಸ್ತ್ರಿ ಎರಡು ವರ್ಷ ಹಟ ಹಿಡಿದು ಕೂತು ಅದಕ್ಕೆ ಜೀವ ತಂದ. ಎಂಜಿನ್ ಓಡಿತು, ಮೈಗೆ ಕೆಂಪು ಬಣ್ಣ ಬಂತು, ಸೀಟುಗಳಿಗೆ ಹೊಸ ಹೊದಿಕೆಯಾಯಿತು. ಉಳಿದದ್ದು ಬೀಡಿಂಗ್ ಒಂದೇ.

ಬೀಡಿಂಗ್ ಎಂದರೆ ಕಾರಿನ ಎರಡೂ ಪಕ್ಕದಲ್ಲಿ ಮೂತಿಯಿಂದ ಹಿಂಭಾಗದವರೆಗೆ ಓಡುವ ಕಪ್ಪು ರಬ್ಬರ್ ಪಟ್ಟಿ. ತಗಡಿನ ಕಾಲುವೆಯೊಂದರಲ್ಲಿ ಅದು ಕಚ್ಚಿ ಕೂತಿರುತ್ತದೆ. ಬಣ್ಣ ಹೊಡೆಯುವ ಮುಂಚೆ ಹಳೆಯದನ್ನು ಬಿಚ್ಚಿದಾಗ ಅದು ಕೈಯಲ್ಲೇ ಪುಡಿಯಾಗಿತ್ತು. ಅಂಥ ಕಾರನ್ನು ಈಗ ಯಾರೂ ಮಾಡುವುದಿಲ್ಲ, ಅದರ ಬೀಡಿಂಗನ್ನೂ ಮಾಡುವುದಿಲ್ಲ. ಹೊರದೇಶದಲ್ಲಿ ಯಾರದೋ ಕೈಕಾಲು ಹಿಡಿದು ತರಿಸಲು ಏಳು ತಿಂಗಳಾಯಿತು. ಬಂದದ್ದು ಪಕ್ಕಕ್ಕೊಂದರಂತೆ ಎರಡೇ ಪಟ್ಟಿ.

ಅದು ಬಂದದ್ದು ಗುರುವಾರ. ಭಾನುವಾರ ಹಳೆಯ ಕಾರುಗಳ ಮೆರವಣಿಗೆ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತೇನೆಂದು ವ್ಯಾಪಾರಿ ಊರಿಗೆಲ್ಲ ಸಾರಿಬಿಟ್ಟಿದ್ದ. ಎರಡು ವರ್ಷದಿಂದ ಅವನ ಭಾನುವಾರಗಳೆಲ್ಲ ಗ್ಯಾರೇಜಿನಲ್ಲೇ ಕಳೆದಿದ್ದವು. ಹೆಂಡತಿ ಆ ಕಾರನ್ನು ಸವತಿ ಎಂದೇ ಕರೆಯುತ್ತಿದ್ದಳು. ಮದುವೆಯಾಗಿ ಇಪ್ಪತ್ತೈದು ವರ್ಷವಾದ ಮೇಲೆ ಈ ಒಂದು ಸವಾರಿಯಿಂದಾದರೂ ಅವಳ ಮುನಿಸು ಇಳಿದೀತು ಎಂಬುದು ಅವನ ಆಸೆ. ಅದಕ್ಕೆ ಕಾರಿನಲ್ಲಿ ಒಂದು ಕುಂದೂ ಇರಬಾರದಿತ್ತು.

ಮೇಸ್ತ್ರಿ ಮಾತ್ರ ಯಾವ ಅವಸರಕ್ಕೂ ಜಗ್ಗುವವನಲ್ಲ. "ಸುರುಳಿ ಬಿಚ್ಚಿ ಎರಡು ದಿನ ಬಿಸಿಲಲ್ಲಿ ಮಲಗಿಸಿರಿ, ಯಜಮಾನ್ರೇ. ಆಮೇಲೆ ಸೋಪಿನ ನೀರು ಸವರಿ, ಹೆಬ್ಬೆರಳಲ್ಲಿ ಒತ್ತಿ ಒತ್ತಿ ಕೂರಿಸೋಣ. ಎಳೆಯೋ ಹಾಗಿಲ್ಲ. ಕೊನೇಲಿ ಮಿಕ್ಕಿದ್ದನ್ನ ಒಂದು ವಾರ ಮುಟ್ಟಬಾರದು. ಭಾನುವಾರ ಬೀಡಿಂಗ್ ಇಲ್ದೆ ಹೋಗ್ಬನ್ನಿ, ಕಾರೇನು ಬೇಜಾರು ಮಾಡ್ಕೊಳಲ್ಲ."

ವ್ಯಾಪಾರಿ ತಲೆಯಾಡಿಸಿ ಕಾರನ್ನೂ ಪಟ್ಟಿಗಳನ್ನೂ ಮನೆಗೆ ತಂದ. ಶುಕ್ರವಾರ ತಾನೇ ಕೆಲಸಕ್ಕೆ ಇಳಿದ.

ಮೂವತ್ತು ವರ್ಷ ಮೀಟರ್ ಕಡ್ಡಿ ಹಿಡಿದ ಕೈ ಅವನದು. ಬಟ್ಟೆ ಅಳೆಯುವಾಗ ಅವನ ಕೈ ಅದನ್ನು ಒಂದಿಷ್ಟು ಜಗ್ಗುತ್ತಿತ್ತು. ಕಡ್ಡಿಯ ಆ ತುದಿಗೆ ಬಿಗಿಹಿಡಿದು ಈ ತುದಿಗೆ ಜಗ್ಗಿದರೆ ಮೀಟರಿಗೆ ಎರಡು ಬೆರಳು ಅಂಗಡಿಗೇ ಉಳಿಯುತ್ತದೆ. ಅದು ಮೋಸವೆಂದು ಅವನಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಅಪ್ಪ ಅಳೆಯುತ್ತಿದ್ದದ್ದೂ ಹಾಗೆಯೇ. ಗಿರಾಕಿಯ ಮನೆಗೆ ಹೋದ ಮೇಲೆ ಆ ಬಟ್ಟೆ ಎಷ್ಟಕ್ಕೆ ಇಳಿಯುತ್ತದೆಂದು ನೋಡುವ ಪ್ರಮೇಯ ಅವನಿಗೆ ಬಂದಿರಲೇ ಇಲ್ಲ.

ಆ ಕೈ ರಬ್ಬರನ್ನೂ ಹಾಗೇ ಜಗ್ಗಿತು. ಒಂದು ತುದಿಯನ್ನು ಮೂತಿಯ ಹತ್ತಿರ ಸಿಕ್ಕಿಸಿ, ಜಗ್ಗುತ್ತ ಜಗ್ಗುತ್ತ ಕಾಲುವೆಗೆ ಕೂರಿಸಿಕೊಂಡು ಹೋದ. ರಬ್ಬರ್ ತಕರಾರಿಲ್ಲದೆ ಬಂತು. ಅರ್ಧ ಗಂಟೆಯಲ್ಲಿ ಒಂದು ಪಕ್ಕ ಮುಗಿಯಿತು. ಹಿಂಭಾಗ ಮುಟ್ಟಿದಾಗ ಗೇಣುದ್ದ ಪಟ್ಟಿ ಮಿಕ್ಕಿತ್ತು.

ಮೇಸ್ತ್ರಿಗೆ ಇದಕ್ಕೆ ವಾರಗಟ್ಟಲೆ ಬೇಕಂತೆ ಎಂದು ವ್ಯಾಪಾರಿ ತನ್ನಲ್ಲೇ ನಕ್ಕ. ಅಂಗಡಿಯ ಕತ್ತರಿ ತಂದು ಮಿಕ್ಕದ್ದನ್ನು ಕರಕ್ಕೆಂದು ಕತ್ತರಿಸಿದ. ಇನ್ನೊಂದು ಪಕ್ಕಕ್ಕೂ ಅದೇ ಶಾಸ್ತ್ರವಾಯಿತು. ತುಂಡುಗಳು ಕಸದ ಜೊತೆ ಹೋದವು.

ಹೆಂಡತಿ ಹೊರಗೆ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದಳು. "ಪರವಾಗಿಲ್ವೇ, ಸವತಿ ಲಕ್ಷಣವಾಗಿದ್ದಾಳೆ" ಎಂದಳು. ವ್ಯಾಪಾರಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಭಾನುವಾರ ಬಿಸಿಲು ಚುರುಗುಟ್ಟುತ್ತಿತ್ತು. ಹೆಂಡತಿ ಹಸಿರು ರೇಷ್ಮೆ ಸೀರೆ ಉಟ್ಟು ಬಂದಳು. ವ್ಯಾಪಾರಿ ಬಾಗಿಲು ಹಿಡಿದು ಅವಳನ್ನು ಕೂರಿಸಿದ. ಸಾಲುಗಟ್ಟಿದ ಕಾರುಗಳಲ್ಲಿ ಜನರೆಲ್ಲ ತಮ್ಮನ್ನೇ ನೋಡುತ್ತಿದ್ದಾರೆಂದು ಅವನಿಗೆ ಅನ್ನಿಸಿತು. ಸ್ವಲ್ಪ ಹೊತ್ತಿಗೆ ನಿಜವಾಗಿಯೂ ಎಲ್ಲರೂ ಅವರನ್ನೇ ನೋಡತೊಡಗಿದರು.

ಬಿಸಿಲಿಗೆ ರಬ್ಬರ್ ತನ್ನ ಪಾಡಿಗೆ ತಾನು ಹಿಂದಕ್ಕೆ ಸರಿಯುತ್ತಿತ್ತು. ಮೊದಲು ಒಂದು ಬೆರಳು, ಆಮೇಲೆ ನಾಲ್ಕು. ಕಾರಿನ ಹಿಂಭಾಗದಲ್ಲಿ ಗೇಣುದ್ದ ಬೋಳು ತಗಡು ಬಾಯಿಬಿಟ್ಟಿತು. ಎರಡನೆಯ ಸರ್ಕಲ್ ತಿರುಗುವಾಗ ಪಟ್ಟಿಯ ತುದಿ ಕಾಲುವೆಯಿಂದ ಹೊರಗೆ ಎದ್ದು ಪಟಪಟ ಬಡಿಯತೊಡಗಿತು.

ಹೆಂಡತಿ ಹಿಂದಕ್ಕೆ ತಿರುಗಿ ನೋಡಿದಳು. "ರೀ, ನನ್ನ ಸವತಿಗೆ ಬಾಲ ಬಂದಿದೆ ನೋಡಿ!" ಎಂದವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ಕಾರಿನ ದೆಸೆಯಿಂದ ಅವಳು ನಕ್ಕದ್ದು ಅದೇ ಮೊದಲು. ವ್ಯಾಪಾರಿಗೆ ಮಾತ್ರ ಇದ್ದ ಮಾನವೆಲ್ಲ ನಡುಬೀದಿಯಲ್ಲಿ ಹೋದಂತಾಯಿತು.

ಸೋಮವಾರ ಅವನು ಕೆಂಡವಾಗಿ ಮೇಸ್ತ್ರಿಯ ಮುಂದೆ ನಿಂತ.

"ಎಂಥಾ ಮೋಸದ ರಬ್ಬರ್ ಅಯ್ಯ ಇದು! ಶುಕ್ರವಾರ ಪೂರ್ತಿ ಕೂತು ಗೇಣು ಮಿಕ್ಕಿತ್ತು. ಭಾನುವಾರ ಗೇಣು ಸಾಲದೆ ಹೋಯ್ತು. ನಿಯತ್ತೇ ಇಲ್ಲ ಇದಕ್ಕೆ."

ಮೇಸ್ತ್ರಿ ಪಟ್ಟಿಯನ್ನು ಬಿಚ್ಚಿ ಬೆಂಚಿನ ಮೇಲೆ ಸುಮ್ಮನೆ ಇಟ್ಟ. ಅದರ ಪಕ್ಕದಲ್ಲಿ ಟೇಪು ಹಾಸಿದ. ಎರಡನ್ನೂ ಜಗ್ಗದೆ ಹಾಗೇ ಬಿಟ್ಟ.

"ರಬ್ಬರ್ ಬಂದದ್ದು ಸರಿಯಾದ ಅಳತೆಗೇ, ಯಜಮಾನ್ರೇ. ಶುಕ್ರವಾರ ನೀವು ಅಳೆದದ್ದು ರಬ್ಬರನ್ನಲ್ಲ, ನಿಮ್ಮ ತೋಳಿನ ಬಲಾನ."

"ಹಾಗಾದ್ರೆ ನಾನು ಕತ್ತರಿಸಿದ್ದು?"

"ಅದು ಮಿಕ್ಕಿದ್ದಲ್ಲ. ಬೇಕಾಗಿದ್ದದ್ದು."

ವ್ಯಾಪಾರಿ ಬೆಂಚಿನ ತುದಿಯಲ್ಲಿ ಕುಳಿತುಬಿಟ್ಟ. ಅವನಿಗೆ ತನ್ನ ಮೇಲೇ ನಾಚಿಕೆಯಾಯಿತು. ಮತ್ತೆ ಏಳು ತಿಂಗಳು ಕಾಯಬೇಕಾಯಿತು. ಅಷ್ಟೂ ದಿನ ಕಾರು ಬೀಡಿಂಗ್ ಇಲ್ಲದೆಯೇ ಓಡಿತು, ಹೆಂಡತಿ ಅದರಲ್ಲೇ ತರಕಾರಿಗೆ ಹೋಗಿಬಂದಳು. ಹೊಸ ಪಟ್ಟಿ ಬಂದಾಗ ಅದನ್ನು ಎರಡು ದಿನ ಬಿಸಿಲಲ್ಲಿ ಮಲಗಿಸಿದರು. ಸೋಪಿನ ನೀರಿನ ಬಕೆಟ್ಟನ್ನು ಹೆಂಡತಿ ಹಿಡಿದುಕೊಂಡಳು. ವ್ಯಾಪಾರಿ ನೆಲದ ಮೇಲೆ ಕುಳಿತು ಇಂಚಿಂಚೇ ಒತ್ತಿದ. ಹೆಬ್ಬೆರಳು ಊದಿ ಬದನೆಕಾಯಿಯಾಯಿತು. ನಾಲ್ಕು ಸಲ ಅವನ ಕೈ ಹಳೆಯ ಚಾಳಿಗೆ ಜಗ್ಗಲು ಹೋಯಿತು, ನಾಲ್ಕು ಸಲವೂ ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. ಕೊನೆಗೆ ಎರಡು ಬೆರಳಷ್ಟು ಮಿಕ್ಕಿತು. ವಾರ ಕಳೆದ ಮೇಲೂ ಅದು ಎರಡು ಬೆರಳೇ ಇತ್ತು.

ಕತೆ ಮುಗಿಯುವಷ್ಟರಲ್ಲಿ ಮೇಷ್ಟ್ರು ಬಂದ ಕೆಲಸವನ್ನೇ ಮರೆತಿದ್ದರು. ಬಾಲದ ಮಾತು ಬಂದಾಗ ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂದಿತ್ತು. ಶಲ್ಯದಿಂದ ಕಣ್ಣೊರೆಸಿಕೊಂಡು ಹೇಳಿದರು:

"ಚೆನ್ನಾಗಾಯ್ತು ಅವನಿಗೆ! ತಾನೇ ಎಳೆದು ಕೂರಿಸಿ, ಆಮೇಲೆ ಅದಕ್ಕೆ ನಿಯತ್ತಿಲ್ಲ ಅಂದ್ರೆ? ಪಾಪ, ರಬ್ಬರಿಂದೇನು ತಪ್ಪು ಬುದ್ಧಿ?"

ಬುದ್ಧಿಯವರೂ ಅವರ ಜೊತೆ ನಕ್ಕರು. ನಗು ಇಳಿದ ಮೇಲೆ ಮೆಲ್ಲಗೆ ಕೇಳಿದರು:

"ಮೇಷ್ಟ್ರೇ, ಮಗಳು ಹೂಂ ಅನ್ನೋ ಹೊತ್ತಿಗೆ ನೀವು ಎಷ್ಟು ಗಂಟೆ ಮಾತಾಡಿದ್ರಿ?"

"ಊಟಕ್ಕೂ ಏಳಗೊಡದೆ ರಾತ್ರಿ ಹನ್ನೊಂದರವರೆಗೆ, ಬುದ್ಧಿ" ಎಂದು ಮೇಷ್ಟ್ರು ಶಲ್ಯವನ್ನು ಹೆಗಲಿಗೆ ಹಾಕಿಕೊಂಡು ಎದ್ದರು.